ಹಂಚಿನ ಬೆನ್ನ ಮೇಲಿನ ಹೆಸರು: ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಕಥೆ

ಕಳೆದ ಮಳೆಗಾಲಕ್ಕೆ ಮುಂಚೆ ಗಿರಗಾಂವದಲ್ಲಿ ಒಂದು ಹಳೆಯ ಚಾಳನ್ನು ಕೆಡವುತ್ತಿದ್ದರು. ಕಚೇರಿ ಮುಗಿಸಿ ಚರ್ನಿ ರೋಡ್ ಸ್ಟೇಷನ್ನಿಗೆ ನಾವು ನಡೆದು ಬರುವ ದಾರಿಯಲ್ಲೇ ಅದು ಇತ್ತು. ಮಾಡಿನ ಹಂಚುಗಳನ್ನು ಇಳಿಸಿ ರಸ್ತೆಯ ಬದಿಗೆ ಒಟ್ಟಿದ್ದರು. ಜತೆಯಲ್ಲಿದ್ದ ಮರಾಠಿ ಸಹೋದ್ಯೋಗಿಯೊಬ್ಬರು ಒಂದನ್ನು ಎತ್ತಿ ಮಗುಚಿ ನೋಡಿ, "ಇದು ನಿಮ್ಮ ಕಡೆಯದಲ್ಲವೇ?" ಎಂದು ಕೇಳಿದರು. ಹಂಚಿನ ಬೆನ್ನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್ ಎಂದೂ, ಅದರೊಂದಿಗೆ 1865 ಎಂದೂ ಅಚ್ಚೊತ್ತಿತ್ತು. "ಅಬ್ಬಾ, 1865ರ ಹಂಚು!" ಎಂದು ಅವರು ಬೆರಗಾದರು. ಅದು ಹಂಚು ತಯಾರಾದ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ ಎಂದು ನಾವು ವಿವರಿಸಬೇಕಾಯಿತು. ಕೂಲಿಯವನನ್ನು ಕೇಳಿ ಆ ಹಂಚನ್ನು ಮನೆಗೆ ತಂದೆವು. ವಿರಾರ್ ಲೋಕಲ್ಲಿನ ನೂಕುನುಗ್ಗಲಿನಲ್ಲಿ ಮೂರು ಸೇರು ತೂಕದ ಹಂಚನ್ನು ಎದೆಗವಚಿಕೊಂಡು ನಿಂತ ನಮ್ಮನ್ನು ಕಂಡು ನಕ್ಕವರೂ ಇದ್ದರು.

ಮೂಲ್ಕಿಯ ಹತ್ತಿರದ ನಮ್ಮ ಹಳ್ಳಿಯ ಮನೆಯ ಮಾಡಿನಲ್ಲಿ ಇದೇ ಹಂಚು. ಬಾಸೆಲ್ ಎಂಬುದು ಸ್ವಿಟ್ಜರ್‌ಲೆಂಡಿನ ಒಂದು ಪಟ್ಟಣವೆಂಬುದು ನಮಗೆ ತಿಳಿದದ್ದು ಹೈಸ್ಕೂಲಿಗೆ ಹೋದ ಮೇಲೆ. ಅಲ್ಲಿಯವರೆಗೆ ಬಾಸೆಲ್ ಎಂದರೆ ಹಂಚಿನ ಹೆಸರು ಎಂದೇ ಭಾವಿಸಿದ್ದೆವು. ಮುಂಬಯಿಯಲ್ಲಿರುವ ನಮ್ಮ ಕರಾವಳಿಯ ಬಂಧುಗಳಲ್ಲಿ ಬಹುಮಂದಿಗೆ ಈ ಅನುಭವ ಇದ್ದೀತು. ಬಾಸೆಲ್ ಮಿಶನ್ನಿನ ಹಂಚು, ಕಿಟೆಲರ ನಿಘಂಟು, 'ಮಂಗಳೂರು ಸಮಾಚಾರ' ಪತ್ರಿಕೆ ಇವುಗಳ ಕುರಿತು ಲೇಖನಗಳು ಬಂದಿವೆ, ಭಾಷಣಗಳು ನಡೆದಿವೆ. ಆದರೆ ಯಾರ ಹೊಟ್ಟೆಪಾಡಿಗಾಗಿ ಆ ಹಂಚಿನ ಕಾರ್ಖಾನೆ ಹುಟ್ಟಿತೋ ಆ ಜನರ, ಎಂದರೆ ಮಂಗಳೂರಿನ ಪ್ರೊಟೆಸ್ಟೆಂಟ್ ಸಭೆಯ ಕಥೆಯನ್ನು ಕೇಳುವವರು ಕಡಿಮೆ. ನಾವು ಆ ಸಭೆಗೆ ಸೇರಿದವರಲ್ಲ. ಹೊರಗೆ ನಿಂತು ನೋಡಿದವರು. ನೋಡಿದ್ದನ್ನು, ಓದಿದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಒಂದು ಗೊಂದಲವನ್ನು ಬಗೆಹರಿಸಿಕೊಳ್ಳುವುದು ಒಳ್ಳೆಯದು. ಈ ಸಭೆಯನ್ನು ಲೂಥರನ್ ಸಭೆ ಎನ್ನಬಹುದೇ? ಭಾರತಕ್ಕೆ ಲೂಥರನ್ ಮಿಷನರಿಗಳು ಬಂದದ್ದು 1706ರಲ್ಲಿ, ತಮಿಳುನಾಡಿನ ತರಂಗಂಬಾಡಿಗೆ. ಬಾಸೆಲ್ ಮಿಶನ್ ಅದಕ್ಕಿಂತ ಬಹಳ ಈಚಿನದು, 1815ರಲ್ಲಿ ಸ್ಥಾಪಿತವಾದುದು. ಬಾಸೆಲ್ ಪಟ್ಟಣ ಸುಧಾರಿತ ಪಂಥದವರದು. ಆದರೆ ಮಿಶನ್ನಿಗೆ ಬಂದು ಸೇರಿದ ತರುಣರಲ್ಲಿ ಬಹುಪಾಲು ನೆರೆಯ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಲೂಥರನ್ ಮನೆತನಗಳ ಮಕ್ಕಳು. ರೈತರ, ನೇಕಾರರ, ಕಸಬುದಾರರ ಮಕ್ಕಳೇ ಹೆಚ್ಚು. ಬೆಳಗಾದರೆ ಪ್ರಾರ್ಥನೆ, ಆಮೇಲೆ ಬಗ್ಗಿದ ಬೆನ್ನು ಎತ್ತದೆ ದುಡಿಮೆ, ಇದು ಅವರ ಮನೆಯ ಸಂಸ್ಕಾರ. ನೀನು ಲೂಥರನೋ, ಸುಧಾರಿತನೋ ಎಂಬ ಪ್ರಶ್ನೆಯನ್ನು ಮಿಶನ್ ಒತ್ತಿ ಕೇಳಲಿಲ್ಲ. ಹೀಗಾಗಿ ಮಂಗಳೂರಿನ ಸಭೆಯ ಬೋರ್ಡಿನ ಮೇಲೆ ಲೂಥರನ್ ಎಂಬ ಹೆಸರು ಬರಲಿಲ್ಲ, ಆದರೆ ಅದರ ಮೈಯಲ್ಲಿ ಹರಿದ ರಕ್ತ ಬಹುಮಟ್ಟಿಗೆ ಲೂಥರನ್ನೇ. ಬೋಧನೆಗೆ ಜನರ ಮಾತು, ಆರಾಧನೆಗೆ ಎಲ್ಲರೂ ಸೇರಿ ಹಾಡುವ ಹಾಡು, ಪ್ರತಿಯೊಬ್ಬನಿಗೂ ಓದು ಬರಹ, ಈ ಮೂರನ್ನು ಮಾರ್ಟಿನ್ ಲೂಥರನ ಮನೆಯಿಂದಲೇ ಅವರು ಹೊತ್ತು ತಂದರು.

ಈಸ್ಟ್ ಇಂಡಿಯಾ ಕಂಪೆನಿಯ ಸೀಮೆಯಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೆ ದಾರಿ ತೆರೆದದ್ದು 1833ರ ಚಾರ್ಟರಿನಿಂದ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ, ಸಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಅಲ್ಲಿ ಕೊಂಕಣಿ ಮಾತಾಡುವ ಕೆಥೋಲಿಕರು ಶತಮಾನಗಳಿಂದಲೂ ಇದ್ದರು. ಹೊಸದಾಗಿ ಬಂದವರಿಗೆ ಅವರೊಡನೆ ಹೆಚ್ಚಿನ ಬಳಕೆ ಆಗಲಿಲ್ಲ. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದರು. 1840ರಲ್ಲಿ ಬಲ್ಮಠದ ಗುಡ್ಡದ ಜಾಗ ಮಿಶನ್ನಿನ ಕೈಗೆ ಬಂತು. ಸಭೆಯ ಮೂಲಸ್ಥಾನ ಅದೇ ಆಯಿತು.

ಈಗ ಮುಖ್ಯ ಮಾತಿಗೆ ಬರೋಣ. ಆ ಕಾಲದಲ್ಲಿ ಈ ಸಭೆಗೆ ಸೇರುವುದೆಂದರೆ ಏನು? ಇಂದು ನಾವು ಮತಾಂತರವನ್ನು ಕುರಿತು ವಾದ ಮಾಡುವಾಗ ಮನಸ್ಸಿನ ಮಾತನ್ನೇ ಆಡುತ್ತೇವೆ. ಆಗ ಅದು ಮೊದಲು ಅನ್ನದ ಮಾತಾಗಿತ್ತು. ದೀಕ್ಷಾಸ್ನಾನ ಪಡೆದವನು ಅಂದೇ ಸಂಜೆ ಮನೆಯಿಲ್ಲದವನಾಗುತ್ತಿದ್ದ. ಗೇಣಿಗೆ ಮಾಡುತ್ತಿದ್ದ ಗದ್ದೆ ಧಣಿಗಳದು. ಅವರು ಒಕ್ಕಲೆಬ್ಬಿಸಿದರೆ ಕೇಳುವವರಿಲ್ಲ. ಬಿಲ್ಲವನಾಗಿದ್ದರೆ ಕಸಬು ತಾಳೆ, ತೆಂಗಿನ ಮರಗಳಿಂದ ಕಳ್ಳು ಇಳಿಸುವುದು. ಅದನ್ನು ಮಿಶನ್ ಒಪ್ಪದು. ಭೂತಾರಾಧನೆಯನ್ನು ಬಿಡಬೇಕು. ಭೂತದ ಕೋಲಕ್ಕೆ ಕಾಣಿಕೆ ಕೊಡದವನು ಊರಿನ ಕೂಟದಲ್ಲಿ ಹೇಗೆ ನಿಂತಾನು? ಬಾವಿಯ ನೀರು, ಕ್ಷೌರದವನ ಕತ್ತಿ, ಅಗಸನ ಬಟ್ಟೆ, ಸತ್ತರೆ ಹೊರುವ ನಾಲ್ಕು ಜನ ಎಲ್ಲವೂ ಜಾತಿಯ ಕಟ್ಟಿನೊಳಗಿನವು. ಅದರಿಂದ ಹೊರಬಿದ್ದವನಿಗೆ ಮಿಶನ್ನಿನ ಅಂಗಳವೊಂದೇ ಉಳಿದ ನೆಲ.

ಮೇಲ್ಜಾತಿಯವರಿಗೂ ಬೆಲೆ ಕಡಿಮೆಯೇನಲ್ಲ. ಮೋಗ್ಲಿಂಗರ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಪಟ್ಟಣಕ್ಕೆ ಪಟ್ಟಣವೇ ಕದಡಿಹೋಯಿತು. ತಂದೆತಾಯಿಗಳು ಹುಡುಗರನ್ನು ಶಾಲೆಯಿಂದ ಬಿಡಿಸಿಕೊಂಡರು. ಮೋಗ್ಲಿಂಗ್ ಈ ತರುಣನನ್ನು ಬಾಸೆಲಿಗೆ ಕರೆದೊಯ್ದರು. 1851ರಲ್ಲಿ ಆತ ಹೆರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಿಂದ, ಬಾಸೆಲ್ ಮಿಶನ್ನಿನ ದೀಕ್ಷೆ ಪಡೆದ ಪ್ರಥಮ ಭಾರತೀಯ ಮಿಷನರಿಯಾಗಿ ಹಿಂದಿರುಗಿದರು. ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದು ಇವರಿಂದಲೇ. ಆದರೆ ಇಂಥವರು ಬೆರಳೆಣಿಕೆಯವರು. ಸಭೆಯ ಪೀಠದ ಮೇಲೆ ಕೌಂಡಿನ್ಯರಂಥವರು ನಿಂತು ಬೋಧಿಸಿದರೂ ಎದುರಿನ ಚಾಪೆಯ ಮೇಲೆ ಕುಳಿತವರು ಬಹುತೇಕ ತುಳು ಮಾತಾಡುವ ಬಡವರು. ಅವರೆಲ್ಲ ಒಂದೇ ಪಾತ್ರೆಯಿಂದ ಪ್ರಸಾದ ಸ್ವೀಕರಿಸಬೇಕಿತ್ತು. ಜಾತಿಯ ವಿಷಯದಲ್ಲಿ ಬಾಸೆಲಿನವರು ರಾಜಿಯಾಗಲಿಲ್ಲ ಎಂಬುದನ್ನು ಅವರ ಟೀಕಾಕಾರರೂ ಒಪ್ಪುತ್ತಾರೆ.

ಈ ಜನರಿಗೆ ಏನು ಕೆಲಸ ಕೊಡುವುದು? ಮಿಶನ್ನಿನವರು ಪಟ್ಟ ಪಾಡು ಓದಿದರೆ ಒಮ್ಮೊಮ್ಮೆ ನಗು ಬರುತ್ತದೆ, ಒಮ್ಮೊಮ್ಮೆ ಕನಿಕರ. ಬೇಸಾಯ ಮಾಡಿಸಿ ನೋಡಿದರು. ಕಾಫಿ ಬೆಳೆಸಿ ನೋಡಿದರು. ಬಡಗಿಯ ಕೆಲಸ ಕಲಿಸಿದರು. ಗಡಿಯಾರದ ಕಾರ್ಯಾಗಾರವನ್ನೂ ತೆರೆದರು! ಸ್ವಿಸ್ ಬುದ್ಧಿಗೆ ಅದು ಸಹಜ. ಆದರೆ ಸೂರ್ಯ ನೆತ್ತಿಗೆ ಬಂದರೆ ಊಟ, ಮುಳುಗಿದರೆ ನಿದ್ರೆ ಎಂದು ಬಾಳುತ್ತಿದ್ದ ಊರಿನಲ್ಲಿ ಗಡಿಯಾರ ಕೊಳ್ಳುವವರು ಯಾರು? ಕೊನೆಗೆ ಗಟ್ಟಿಯಾಗಿ ನಿಂತದ್ದು ಮೂರು: ಅಚ್ಚುಕೂಟ, ಮಗ್ಗ, ಹಂಚು.

ಅಚ್ಚುಕೂಟ 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಯಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಮೋಗ್ಲಿಂಗರ ಸಂಪಾದಕತ್ವದಲ್ಲಿ ಹೊರಬಂದದ್ದು ಆ ಕಲ್ಲಿನಿಂದಲೇ. ಮಗ್ಗದ ಕೆಲಸ 1840ರ ದಶಕದಲ್ಲಿ ಶುರುವಾದರೂ ಅದಕ್ಕೆ ಜೀವ ಬಂದದ್ದು 1851ರಲ್ಲಿ ಹಾಲರ್ ಎಂಬ ನುರಿತ ನೇಕಾರ ಬಂದ ಮೇಲೆ. ಸೈನಿಕರ ಖಾಕಿ ಬಣ್ಣವನ್ನು ಕಂಡುಹಿಡಿದವರು ಇವರೇ ಎಂದು ಮಂಗಳೂರಿನವರು ಹೆಮ್ಮೆಯಿಂದ ಹೇಳುವುದುಂಟು. ವಿಜ್ಞಾನದ ವಿದ್ಯಾರ್ಥಿಗಳಾಗಿದ್ದ ನಮಗೆ ಇಂಥ ಮಾತನ್ನು ಒರೆಗೆ ಹಚ್ಚಿ ನೋಡುವ ಚಪಲ. ಪಂಜಾಬಿನ ಗೈಡ್ಸ್ ಪಡೆಯವರು 1840ರ ದಶಕದ ಕೊನೆಗಾಗಲೇ ಖಾಕಿ ತೊಡುತ್ತಿದ್ದರು. ಖಾಕ್ ಎಂದರೆ ಧೂಳು, ಆ ಶಬ್ದವೂ ಉತ್ತರದ್ದೇ. ಹಾಲರ್ ಮಾಡಿದ್ದು ಬಟ್ಟೆಯ ಮೇಲೆ ಚೆನ್ನಾಗಿ ನಿಲ್ಲುವ ಖಾಕಿ ಬಣ್ಣವನ್ನು ಎಂದರೆ ಸಾಕು. ಅಷ್ಟಕ್ಕೇ ಅವರ ಹಿರಿಮೆಗೇನೂ ಕುಂದಿಲ್ಲ.

ಹಂಚಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗೇಯೋರ್ಗ್ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿಗೆ ಬಂದದ್ದು ಅಚ್ಚುಕೂಟವನ್ನು ನೋಡಿಕೊಳ್ಳಲು. ಕೈ ಸುಮ್ಮನಿರದ ಮನುಷ್ಯ. ನೇತ್ರಾವತಿಯ ದಂಡೆಯ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಆ ಕಾಲಕ್ಕೆ ಜಿಲ್ಲೆಯ ಬಡವರ ಮನೆಗಳಿಗೆ ಮುಳಿಹುಲ್ಲಿನ ಅಥವಾ ಮಡಲಿನ ಹೊದಿಕೆ. ವರ್ಷ ವರ್ಷವೂ ಮಳೆಗೆ ಮುಂಚೆ ಹೊಸದಾಗಿ ಹೊದಿಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಬೂದಿ. ಅನುಕೂಲಸ್ಥರ ಮನೆಗೆ ಕುಂಬಾರರು ಕೈಯಲ್ಲಿ ತಟ್ಟಿದ ಅರೆಗೊಳವೆಯ ನಾಡಹಂಚು. ಅದು ಒಂದರ ಮೇಲೊಂದು ಸುಮ್ಮನೆ ಒರಗಿರುವುದು. ಗಾಳಿ ಬಂದರೆ, ಮಂಗ ಓಡಿದರೆ ಸರಿಯುತ್ತದೆ. ಯೂರೋಪಿನಲ್ಲಿ ಇದಕ್ಕೆ ಆಗಲೇ ಪರಿಹಾರ ದೊರೆತಿತ್ತು. ಬಾಸೆಲಿಗೆ ಹತ್ತಿರದ, ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಕ್ ಎಂಬ ಊರಿನ ಗಿಲಾರ್ಡೋನಿ ಸಹೋದರರು ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚನ್ನು ರಚಿಸಿ 1841ರಲ್ಲಿ ಅದರ ಹಕ್ಕು ಪಡೆದಿದ್ದರು. ಪ್ಲೆಬ್‌ಸ್ಟ್ ತಾಯ್ನಾಡಿಗೆ ಹೋದಾಗ ಮಣ್ಣಿನ ಕೆಲಸವನ್ನು ಕಲಿತು ಬಂದು, 1865ರಲ್ಲಿ ಜೆಪ್ಪುವಿನಲ್ಲಿ, ಮೋರ್ಗನ್ಸ್ ಗೇಟಿನ ಹತ್ತಿರ, ನದಿಯ ದಂಡೆಯಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು.

ಸ್ಥಳದ ಆಯ್ಕೆ ನೋಡಿ. ಮಣ್ಣು ನದಿಯಿಂದ, ಸೌದೆ ಘಟ್ಟದ ಬುಡದಿಂದ ದೋಣಿಯಲ್ಲಿ ನದಿಯ ಮೇಲೆ, ಸಿದ್ಧವಾದ ಹಂಚು ಅದೇ ನದಿಯ ಮೇಲೆ ಬಂದರಿಗೆ, ಅಲ್ಲಿಂದ ಪತ್ತೆಮಾರಿಯಲ್ಲಿ ಮುಂಬಯಿಗೆ. ರೈಲು ಮಂಗಳೂರನ್ನು ಕಂಡದ್ದು 1907ರಲ್ಲಿ. ಅದಕ್ಕಿಂತ ನಲವತ್ತು ವರ್ಷ ಮುಂಚೆ ಈ ವ್ಯಾಪಾರ ಪೂರ್ತಿಯಾಗಿ ನೀರಿನ ಮೇಲೆ ನಡೆದಿತ್ತು. ಮಣ್ಣನ್ನು ಹದಗೊಳಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು, ಹಲಗೆಯಂತೆ ಕತ್ತರಿಸಿ, ತಿರುಪಿನ ಒತ್ತುಯಂತ್ರದಲ್ಲಿ ಅಚ್ಚುಹಾಕಿ, ಅಂಚು ಸವರಿ, ನೆರಳಿನಲ್ಲಿ ಒಣಗಿಸಿ, ಆಮೇಲೆ ಗೂಡಿಗೆ ಇಡುವುದು. ಮಣ್ಣಿನೊಳಗಿನ ಕಬ್ಬಿಣದ ಅಂಶ ಗೂಡಿನ ಉರಿಯಲ್ಲಿ ಗಾಳಿಯ ಆಮ್ಲಜನಕದೊಡನೆ ಪೂರ್ತಿ ಕೂಡಿದರೆ ಹಂಚಿಗೆ ಆ ಕೆಂಪು ಬರುತ್ತದೆ; ಗಾಳಿ ಸಾಲದಾದರೆ ಕಪ್ಪು ಮಸುಕು ಉಳಿಯುತ್ತದೆ. ಒಣಗಿಸುವಾಗ ಅವಸರ ಮಾಡಿದರೆ ಸೀಳು, ಬೆಂಕಿ ಹೆಚ್ಚಾದರೆ ಸೊಟ್ಟ. ಗೂಡಿನ ಉರಿಯ ಬಣ್ಣ ನೋಡಿ ಸೌದೆ ಒಟ್ಟುವ ಮೇಸ್ತ್ರಿಯ ಕಣ್ಣು ನಮ್ಮ ಪ್ರಯೋಗಶಾಲೆಯ ಥರ್ಮಾಮೀಟರಿಗೆ ಸಮ. ಇದು ಕಲಿಯಲು ವರ್ಷಗಳು ಬೇಕಾಗುವ ವಿದ್ಯೆ. ನಿನ್ನೆಯವರೆಗೆ ತಾಳೆಮರ ಹತ್ತುತ್ತಿದ್ದವನು, ಹೊಲದಲ್ಲಿ ಕೂಲಿ ಮಾಡುತ್ತಿದ್ದವನು ಅದನ್ನು ಕಲಿತ. ಹೆಂಗಸರು ಮಣ್ಣಿನ ಹಲಗೆ ಹೊತ್ತರು, ಹಂಚು ಹೊತ್ತರು; ವಾರದ ಕೊನೆಗೆ ತಮ್ಮ ಕೈಗೆ ತಾವೇ ಕೂಲಿ ಎಣಿಸಿಕೊಂಡರು.

ಕಲ್ಲಿಕೋಟೆಯಲ್ಲಿ 1873ರಲ್ಲಿ, ಮಂಗಳೂರಿನ ಕುದ್ರೋಳಿಯಲ್ಲಿ 1882ರಲ್ಲಿ ಮತ್ತೆ ಮಿಶನ್ನಿನ ಕಾರ್ಖಾನೆಗಳಾದವು, ಮಲ್ಪೆಯಲ್ಲೂ ಒಂದಾಯಿತು. ಊರಿನ ಇತರ ಉದ್ಯಮಿಗಳೂ ಕಣ್ಣುಮುಚ್ಚಿ ಕೂರಲಿಲ್ಲ. ಕೆಲವೇ ವರ್ಷಗಳಲ್ಲಿ ಕೆಥೋಲಿಕರೂ ಹಿಂದೂಗಳೂ ತಮ್ಮ ಕಾರ್ಖಾನೆಗಳನ್ನು ತೆರೆದು ಮಂಗಳೂರು ಹಂಚು ಎಂಬ ಹೆಸರನ್ನು ಊರಿನ ಆಸ್ತಿಯಾಗಿ ಮಾಡಿಕೊಂಡರು. ನೇತ್ರಾವತಿ, ಗುರುಪುರ ನದಿಗಳ ದಂಡೆಗಳಲ್ಲಿ ಚಿಮಣಿಗಳು ಎದ್ದವು. ಸಣ್ಣ ಬಂದರುಪೇಟೆಯೊಂದು ಕೈಗಾರಿಕೆಯ ಪಟ್ಟಣವಾದ ಬಗೆ ಇದು.

ಸಭೆಯ ಬಾಳು ಈ ಕಾರ್ಖಾನೆಯ ಸುತ್ತ ಹೆಣೆದುಕೊಂಡಿತು. ಬಲ್ಮಠದಲ್ಲಿ 1862ರಲ್ಲಿ ಕಟ್ಟಿದ ದೇವಾಲಯ, ಇಂದಿನ ಶಾಂತಿ ಕೆಥಡ್ರಲ್, ಒಂದು ಕೇಂದ್ರ. ಜೆಪ್ಪುವಿನಲ್ಲಿ ಕೆಲಸಗಾರರ ಕೇರಿಗೆ ಹತ್ತಿರವಾಗಿ ಮತ್ತೊಂದು. ಕೆಲಸ ಶುರುವಾಗುವ ಮೊದಲು ಪ್ರಾರ್ಥನೆ. ಭಾನುವಾರ ಗೂಡಿಗೂ ವಿಶ್ರಾಂತಿ. ಕಾಯಿಲೆ ಬಿದ್ದವರಿಗೆ ನಿಧಿ, ಉಳಿತಾಯಕ್ಕೆ ವ್ಯವಸ್ಥೆ. ಇಂದು ನಮ್ಮಂಥ ಸರ್ಕಾರಿ ನೌಕರರು ಪ್ರಾವಿಡೆಂಟ್ ಫಂಡನ್ನು ಹಕ್ಕಿನಿಂದ ಕೇಳುತ್ತೇವೆ. ಆ ಕಾಲದ ಕೂಲಿಗಾರನಿಗೆ ಅಂಥದೊಂದು ಇದೆಯೆಂಬುದೇ ಕನಸು. ಮಕ್ಕಳು ಶಾಲೆಗೆ ಹೋಗಲೇಬೇಕು, ಹುಡುಗಿಯರೂ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಹಂಚಿನ ಕೆಲಸಗಾರನ ಮಗಳು ಮಾಸ್ತರಳಾದಳು, ಮೊಮ್ಮಗ ಅಚ್ಚುಕೂಟದ ಫೋರ್ಮನ್ ಆದ. ಸೋನ್ಸ್, ಅಮ್ಮನ್ನ, ಕರ್ಕಡ ಮೊದಲಾದ ಮನೆತನದ ಹೆಸರುಗಳು ಜಿಲ್ಲೆಯ ಶಾಲೆ, ಆಸ್ಪತ್ರೆಗಳಲ್ಲಿ ಎಲ್ಲೆಲ್ಲೂ ಕೇಳಿಬರತೊಡಗಿದವು.

ಆದರೆ ಹಗ್ಗದ ಇನ್ನೊಂದು ತುದಿಯೂ ಇದೆ. ಅನ್ನ ಕೊಡುವವನೂ ಆತ್ಮವನ್ನು ಕಾಯುವವನೂ ಒಬ್ಬನೇ ಆದರೆ ಮನುಷ್ಯ ತಲೆಯೆತ್ತಿ ಮಾತಾಡುವುದು ಕಷ್ಟ. ಕುಡಿದು ಬಂದವನನ್ನು ಸಭೆಯ ಹಿರಿಯರು ವಿಚಾರಿಸಿದರೆ ಅದು ಕಾರ್ಖಾನೆಯ ವ್ಯವಸ್ಥಾಪಕರ ಕಿವಿಗೂ ಬೀಳುತ್ತಿತ್ತು. ಭೂತದ ಕೋಲಕ್ಕೆ ಕದ್ದು ಹೋಗಿಬಂದವನಿಗೆ ದೇವರ ಭಯಕ್ಕಿಂತ ಕೂಲಿಯ ಭಯ ಹೆಚ್ಚಾಗಿದ್ದರೆ ಆಶ್ಚರ್ಯವಿಲ್ಲ. ನಂಬಿ ಸೇರಿದವರು ಯಾರು, ಹೊಟ್ಟೆಗಾಗಿ ಸೇರಿದವರು ಯಾರು ಎಂಬ ಪ್ರಶ್ನೆ ಹೊರಗಿನವರ ನಾಲಗೆಯಲ್ಲಿ ಸದಾ ಇತ್ತು, ಮಿಶನ್ನಿನವರ ಮನಸ್ಸಿನಲ್ಲೂ ಇತ್ತು. ವ್ಯಾಪಾರಕ್ಕೆಂದೇ 1859ರಲ್ಲಿ ಬಾಸೆಲಿನಲ್ಲಿ ಪ್ರತ್ಯೇಕ ಕಂಪೆನಿಯನ್ನು ಸ್ಥಾಪಿಸಿದ್ದರಾದರೂ ಜನರ ಕಣ್ಣಿಗೆ ಎರಡೂ ಒಂದೇ. ನಮ್ಮ ಅಭಿಪ್ರಾಯ ಇಷ್ಟೇ: ಹೊಟ್ಟೆಗಾಗಿ ಎಂದು ಹಂಗಿಸುವುದು ಸುಲಭ. ಊರು ಬಿಟ್ಟು ಮುಂಬಯಿಯ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ನಮ್ಮ ಹಿರಿಯರಿಗೆ ಹೊಟ್ಟೆಯ ಬೆಲೆ ಗೊತ್ತಿತ್ತು.

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ಕಥೆ ಏಕಪಕ್ಷವಾದೀತು. 1870ರ ಸುಮಾರಿಗೆ ಅರಸಪ್ಪ ಎಂಬ ಬಿಲ್ಲವ ಮುಂದಾಳು ತನ್ನ ಜನರ ಸ್ಥಿತಿಯನ್ನು ಕಂಡು ಬೇಸತ್ತು ಬಾಸೆಲ್ ಮಿಶನ್ನಿನ ಬಾಗಿಲಿಗೆ ಬಂದಿದ್ದ. ಮಾತುಕತೆ ನಡೆಯಿತು, ಕೂಡಿಬರಲಿಲ್ಲ. ಆತ ಬ್ರಹ್ಮಸಮಾಜದ ಕಡೆ ತಿರುಗಿದ; 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ನೆಲೆಯೂರಲು ಅದೂ ಒಂದು ಕಾರಣ. ಆಮೇಲೆ 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ದೇವಸ್ಥಾನದೊಳಗೆ ಕಾಲಿಡಲಾಗದ ಜನಕ್ಕೆ ತಮ್ಮದೇ ದೇವಸ್ಥಾನ ಬಂತು. ಮಿಶನ್ನಿನ ಹಂಚಿನ ಕಾರ್ಖಾನೆ ಇದ್ದದ್ದೂ ಕುದ್ರೋಳಿಯಲ್ಲೇ. ಒಂದೇ ಅವಮಾನದಿಂದ ಹೊರಬರಲು ಒಂದೇ ಪಟ್ಟಣದಲ್ಲಿ ಮೂರು ಬಾಗಿಲು ತೆರೆದವು. ಒಬ್ಬೊಬ್ಬರು ಒಂದೊಂದರಲ್ಲಿ ಹೊರಟರು. ಒಂದೇ ಕುಟುಂಬದ ಅಣ್ಣ ಬಲ್ಮಠಕ್ಕೆ, ತಮ್ಮ ಕುದ್ರೋಳಿಗೆ ಹೋಗುವ ಮನೆಗಳನ್ನು ನಾವೇ ಬಲ್ಲೆವು.

ಸಭೆಯ ಭಾಷೆಯ ಮಾತು ನಮ್ಮ ಓದುಗರಿಗೆ ರುಚಿಸೀತು. ಮನೆಮಾತು ತುಳು, ಆರಾಧನೆಗೆ ತುಳುವೂ ಕನ್ನಡವೂ. ಗ್ರೈನರ್ ಮೊದಲಾದವರು ಮಾಡಿದ ಹೊಸ ಒಡಂಬಡಿಕೆಯ ತುಳು ಅನುವಾದ 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ತುಳುವನ್ನು ಅಚ್ಚಿನಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿಗೆ ಅದು ಅಡಿಗಲ್ಲು. ಬ್ರಿಗೆಲರ ತುಳು ವ್ಯಾಕರಣ 1872ರದು, ಮೆನ್ನರ್ ಅವರ ತುಳು ನಿಘಂಟು 1886ರದು. 1853ರಲ್ಲಿ ಬಂದ ಕಿಟೆಲರು 1894ರಲ್ಲಿ ನಿಘಂಟನ್ನು ಮುಗಿಸಿದರು; ಸುಮಾರು 70,000 ಶಬ್ದಗಳ ಆ ಹೊತ್ತಗೆ ಮಂಗಳೂರಿನ ಅಚ್ಚುಕೂಟದಲ್ಲೇ ಮುದ್ರಣವಾಯಿತು. ಮೊಳೆ ಜೋಡಿಸಿದ ಕೈಗಳು ಯಾರವು? ಈ ಸಭೆಯ ಮಕ್ಕಳವು. ಕಿಟೆಲರ ಹೆಸರನ್ನು ನೆನೆಯುವಾಗ ಆ ಕೈಗಳನ್ನೂ ನೆನೆಯುವುದು ನ್ಯಾಯ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಉತ್ತಂಗಿ ಚನ್ನಪ್ಪನವರೂ ಬಾಸೆಲ್ ಮಿಶನ್ನಿನ ಸಭೆಗಳಲ್ಲೇ ಬೋಧಕರಾಗಿದ್ದವರು.

1914ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಮಿಷನರಿಗಳಲ್ಲಿ ಬಹುಮಂದಿ ಜರ್ಮನರು. ಬ್ರಿಟಿಷ್ ಸರ್ಕಾರದ ಪಾಲಿಗೆ ಅಂದಿನಿಂದ ಶತ್ರುಪ್ರಜೆಗಳು. ಹಲವರನ್ನು ನಮ್ಮ ಈ ಮಹಾರಾಷ್ಟ್ರದ ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ಆಮೇಲೆ ಹಡಗು ಹತ್ತಿಸಿ ಸ್ವದೇಶಕ್ಕೆ ಕಳುಹಿಸಿದರು. ಎಪ್ಪತ್ತಕ್ಕೂ ಹೆಚ್ಚು ವರ್ಷ ಬಲ್ಮಠದ ಗುಡ್ಡದ ಮೇಲಿದ್ದ ಮನೆಗಳು ಖಾಲಿಯಾದವು. ಕಾರ್ಖಾನೆಗಳನ್ನು ಸರ್ಕಾರ ವಶಪಡಿಸಿಕೊಂಡು 1919ರ ಹೊತ್ತಿಗೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಗೆ ಒಪ್ಪಿಸಿತು. ಹಂಚಿನ ಬೆನ್ನ ಮೇಲೆ ಬಾಸೆಲ್ ಹೋಗಿ ಕಾಮನ್‌ವೆಲ್ತ್ ಬಂತು. ನಮ್ಮ ಮನೆಯ ಅಟ್ಟದ ಮಾಡಿನಲ್ಲಿ ಎರಡು ಹೆಸರಿನ ಹಂಚುಗಳೂ ಬೆರೆತಿರುವುದನ್ನು ನೋಡಿದಾಗ ಅದರ ಅರ್ಥ ನಮಗೆ ಆಗಿರಲಿಲ್ಲ.

ಸಭೆಗೆ ಇದು ಅಗ್ನಿಪರೀಕ್ಷೆ. ಒಂದೇ ಏಟಿಗೆ ಗುರುವೂ ಹೋದ, ಧಣಿಯೂ ಹೋದ. ಅನ್ನಕ್ಕಾಗಿ ಸೇರಿದ ಜನವೆಂಬ ಮಾತು ನಿಜವಾಗಿದ್ದರೆ ಸಭೆ ಚೆದರಿಹೋಗಬೇಕಿತ್ತು. ಹಾಗಾಗಲಿಲ್ಲ. ಸ್ಥಳೀಯ ಬೋಧಕರು, ಹಿರಿಯರು ಸಭೆಗಳನ್ನು ಹಿಡಿದುಕೊಂಡರು. ಶಾಲೆಗಳನ್ನು ಮಾಸ್ತರರು ನಡೆಸಿದರು. ಸ್ವಿಟ್ಜರ್‌ಲೆಂಡಿನವರೇ ಕಟ್ಟಿದ ಬೇರೊಂದು ಮಿಶನ್ ಕೆಲಕಾಲ ಆಸರೆ ಕೊಟ್ಟಿತು. 1920ರ ದಶಕದ ಉತ್ತರಾರ್ಧದಲ್ಲಿ ಬಾಸೆಲಿನವರು ಮರಳಿ ಬಂದಾಗ, ಅವರನ್ನು ಎದುರುಗೊಂಡವರು ತಮ್ಮ ಮನೆಯನ್ನು ತಾವೇ ನಡೆಸಿ ಅಭ್ಯಾಸವಾದವರು. ಹಂಚಿನ ಕಾರ್ಖಾನೆ ಮರಳಿ ಮಿಶನ್ನಿನ ಕೈಗೆ ಬರಲಿಲ್ಲ. ಒಂದು ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತೆಂದು ನಮಗೆ ತೋರುತ್ತದೆ. ಗೂಡಿನ ಬಾಗಿಲೂ ದೇವಾಲಯದ ಬಾಗಿಲೂ ಬೇರೆಬೇರೆಯಾದವು.

ಸ್ವಾತಂತ್ರ್ಯ ಬಂದ ಮರುತಿಂಗಳು, 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪನೆಯಾಯಿತು. ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದ ಪಂಥದವರು ತಮ್ಮ ಹಳೆಯ ಹೆಸರುಗಳನ್ನು ಬಿಟ್ಟು ಒಂದಾದರು. ತಮಿಳು, ತೆಲುಗು ಸೀಮೆಗಳ ಲೂಥರನ್ ಸಭೆಗಳು ಹೊರಗೇ ಉಳಿದವು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಒಳಗೆ ಬಂದವು. ಧಾರವಾಡ ಕಡೆಯವು ತಡವಾಗಿ ಬಂದವು. ಲೂಥರನ ಹೆಸರನ್ನು ಎಂದೂ ಬೋರ್ಡಿನ ಮೇಲೆ ಹಾಕಿಕೊಂಡಿರದವರಿಗೆ ಅದನ್ನು ಬಿಡುವುದೂ ಕಷ್ಟವಾಗಲಿಲ್ಲವೇನೋ. 1970ರಲ್ಲಿ ಮೈಸೂರು ಡಯೊಸಿಸ್ ಮೂರಾಗಿ ಒಡೆದಾಗ ದಕ್ಷಿಣ ಡಯೊಸಿಸಿಗೆ ಮಂಗಳೂರು ಕೇಂದ್ರವಾಯಿತು, ಬಲ್ಮಠದ ದೇವಾಲಯ ಕೆಥಡ್ರಲ್ ಆಯಿತು.

ಈ ಸಲ ಎಲ್.ಟಿ.ಸಿ. ಪಡೆದು ಊರಿಗೆ ಹೋದಾಗ ಒಂದು ಭಾನುವಾರ ಬಲ್ಮಠಕ್ಕೆ ಹೋದೆವು. ಹೈಸ್ಕೂಲಿನಲ್ಲಿ ನಮಗೆ ಗಣಿತ ಹೇಳಿಕೊಟ್ಟ ಮಾಸ್ತರರು ಈಗ ತೊಂಬತ್ತರ ಹತ್ತಿರ. ಅವರೇ ಕೈಹಿಡಿದು ಒಳಗೆ ಕರೆದೊಯ್ದರು. ಅವರ ಅಜ್ಜ ಜೆಪ್ಪುವಿನ ಕಾರ್ಖಾನೆಯಲ್ಲಿ ಗೂಡಿನ ಕೆಲಸದವರು. ಎತ್ತರದ ಕಿಟಕಿಗಳು, ಮರದ ತೊಲೆಗಳು, ಮೇಲೆ ಹಂಚು. ಎಲ್ಲರೂ ಎದ್ದುನಿಂತು ಹಾಡಿದರು. ರಾಗ ನಿಧಾನ, ಒಂದೊಂದು ಸ್ವರವೂ ಮೆಟ್ಟಿಲು ಹತ್ತಿದಂತೆ, ಮಾತು ಅಚ್ಚಗನ್ನಡ. "ಈ ಧಾಟಿ ಜರ್ಮನಿಯದ್ದು ಮಾರಾಯ್ರೇ, ನಮ್ಮ ಅಜ್ಜಂದಿರಿಗೆ ಕಲಿಸಿದ್ದು. ಅಲ್ಲಿಯವರು ಮೊನ್ನೆ ಬಂದಿದ್ದರು. ಅವರ ಊರಿನಲ್ಲಿ ಈಗ ಇದನ್ನು ಇಷ್ಟು ಜನ ಸೇರಿ ಹಾಡುವುದಿಲ್ಲವಂತೆ" ಎಂದು ಮಾಸ್ತರರು ಆರಾಧನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಹೇಳಿದರು.

"ಮಾಸ್ಟ್ರೇ, ನಿಮ್ಮ ಅಜ್ಜ ಯಾಕೆ ಸೇರಿದ್ದು ಅಂತ ಎಂದಾದರೂ ಹೇಳಿದ್ದರಾ?" ಎಂದು ನಾವು ಕೇಳಿದೆವು. ಕೇಳಬಾರದಿತ್ತೇನೋ ಎಂದು ಆಮೇಲೆ ಅನಿಸಿತು. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ಹೇಳಿದ್ದರು. ಧಣಿಯ ಮನೆಯ ಅಂಗಳದಲ್ಲಿ ಅವರಿಗೆ ತೆಂಗಿನ ಚಿಪ್ಪಿನಲ್ಲಿ ನೀರು ಕೊಡುತ್ತಿದ್ದರಂತೆ, ಕುಡಿದ ಮೇಲೆ ಚಿಪ್ಪು ಎಸೆಯಬೇಕು. ಬಲ್ಮಠದಲ್ಲಿ ಪಾದ್ರಿ ಕುಡಿದ ಲೋಟದಲ್ಲೇ ನೀರು ಕೊಟ್ಟರಂತೆ. ಮತ್ತೆ ಅಜ್ಜ ವಾಪಸು ಹೋಗಲಿಲ್ಲ."

ಜೆಪ್ಪುವಿನ ಕಡೆಗೂ ಹೋಗಿಬಂದೆವು. ಹಂಚಿನ ಉದ್ಯಮ ಈಗ ಇಳಿದಿದೆ. ಕಾಂಕ್ರೀಟಿನ ತಾರಸಿ ಬಂದ ಮೇಲೆ, ಮಣ್ಣೂ ಸೌದೆಯೂ ತುಟ್ಟಿಯಾದ ಮೇಲೆ ಎಷ್ಟೋ ಕಾರ್ಖಾನೆಗಳು ಮುಚ್ಚಿದವು. ನದಿ ಮಾತ್ರ ಅದೇ ಬಣ್ಣದ ಮಣ್ಣನ್ನು ಹೊತ್ತು ಹರಿಯುತ್ತಿತ್ತು. ಗಿರಗಾಂವದಿಂದ ತಂದ ಹಂಚು ನಮ್ಮ ಮನೆಯ ಬಾಲ್ಕನಿಯಲ್ಲಿದೆ. ನಮ್ಮಾಕೆ ಅದರ ಮೇಲೆ ತುಳಸಿಯ ಕುಂಡ ಇಟ್ಟಿದ್ದಾಳೆ. ಅಕ್ಷರ ಕಾಣುವಂತೆ ಸ್ವಲ್ಪ ಸರಿಸಿಡು ಎಂದು ನಾವು ಹೇಳಿದೆವು. ಈಗ ಬಾಸೆಲ್ ಎಂಬುದು ಕಾಣುತ್ತದೆ, 1865 ಕುಂಡದ ಅಡಿಯಲ್ಲಿದೆ.